ಮಡೆನೂರು: ಅಣೆಕಟ್ಟಿನೊಳಗೆ ಮುಳುಗಿದ ಅಣೆಕಟ್ಟು

ಮಳೆಗಾಲ ಹಿಡಿಯಿತು ಅಂದರೆ ಶಿವಮೊಗ್ಗ ಕಡೆಯ ಮನೆಗಳಲ್ಲಿ ಪೇಪರ್ ಓದುವ ಕ್ರಮವೇ ಬದಲಾಗುತ್ತದೆ. ರಾಜಕೀಯ, ಕ್ರಿಕೆಟ್ಟು ಎಲ್ಲ ಆಮೇಲೆ. ಮೊದಲು ಜಲಾಶಯಗಳ ಮಟ್ಟ ಹಾಕುವ ಆ ಸಣ್ಣ ಚೌಕ. ಇಂದಿನ ಮಟ್ಟ, ಗರಿಷ್ಠ ಮಟ್ಟ, ಒಳಹರಿವು, ಹೋದ ವರ್ಷ ಇದೇ ದಿನ ಎಷ್ಟಿತ್ತು. ಶರಾವತಿ ಹೊಳೆಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ ಅನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಬಾಯಿಪಾಠ. ಆರಿದ್ರಾ ಮಳೆ ಕೈಕೊಟ್ಟರೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ, ಪುನರ್ವಸು ಮಳೆ ಜೋರಾಗಿ ಹೊಡೆದು ಒಂದೇ ದಿನಕ್ಕೆ ಎರಡಡಿ ಏರಿದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಅದೇ ಮಾತು. ಎಷ್ಟಾಯ್ತಂತೆ? ಈ ಸಲ ತುಂಬುತ್ತಾ? ಗೇಟ್ ತೆಗೀತಾರಾ?

ಈ ಖುಷಿ ಸುಳ್ಳಲ್ಲ. ಹೊಳೆ ತುಂಬಿದರೆ ಕರೆಂಟು, ಗೇಟ್ ತೆಗೆದರೆ ಜೋಗದಲ್ಲಿ ನೀರು. ಆದರೆ ಕೆಲವು ವರ್ಷಗಳಿಂದ ಆ ಚೌಕ ನೋಡುವಾಗ ನನಗೆ ಇನ್ನೊಂದು ಲೆಕ್ಕವೂ ಜೊತೆಗೇ ಬರುತ್ತದೆ. ನೀರು ಇನ್ನಿಷ್ಟು ಏರಿದರೆ ಹಳೇ ಡಾಂಬರು ರಸ್ತೆ ಮುಳುಗುತ್ತದೆ. ಇನ್ನಿಷ್ಟಕ್ಕೆ ಗದ್ದೆಬಯಲು. ಇನ್ನೂ ಮೇಲೆ ಬಂದರೆ ಮಡೆನೂರು ಅಣೆಕಟ್ಟಿನ ತಲೆ. ನಾವು ತುಂಬಿತು ಅಂತ ಓದುವ ಪ್ರತಿ ಅಡಿಯ ಕೆಳಗೂ ಯಾರದೋ ಒಂದು ಜಾಗ ಇದೆ. ಅದನ್ನು ನನಗೆ ಕಲಿಸಿದ್ದು ಮಡೆನೂರಿಗೆ ಜೊತೆಯಲ್ಲಿ ಬಂದ ಒಬ್ಬ ಅಜ್ಜ.

ಬೇಸಿಗೆಯಲ್ಲಿ ಮೇಲೇಳುವ ಗೋಡೆ

ಗೊತ್ತಿರುವವರಿಗೆ ಗೊತ್ತು. ಲಿಂಗನಮಕ್ಕಿಯ ಹೊಟ್ಟೆಯೊಳಗೆ ಇನ್ನೊಂದು ಅಣೆಕಟ್ಟಿದೆ. ಕಾಗದದ ಮೇಲೆ ಹಿರೇಭಾಸ್ಕರ, ಜನರ ಬಾಯಲ್ಲಿ ಮಡೆನೂರು ಡ್ಯಾಮ್. ಮಳೆ ಸರಿಯಾಗಿ ಆದ ವರ್ಷಗಳಲ್ಲಿ ಅದು ಕಾಣಿಸುವುದೇ ಇಲ್ಲ. ಮಳೆ ಕಮ್ಮಿಯಾಗಿ, ಮೇ ಕೊನೆಯ ಹೊತ್ತಿಗೆ ಹಿನ್ನೀರು ತೀರಾ ಕೆಳಗೆ ಇಳಿದಾಗ ಮಾತ್ರ ಮೇಲೆ ಬರುತ್ತದೆ. ಆಗ ಸಾಗರದ ಕಡೆಯಿಂದ ಬೈಕುಗಳು, ಜೀಪುಗಳು ಸಾಲು ಹಿಡಿಯುತ್ತವೆ. ಅಂಥ ಒಂದು ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನ ಮಗ, ಅವನ ಪಕ್ಕದ ಮನೆಯ ಅಜ್ಜ, ನಾನು ಹೋಗಿದ್ದೆವು. ಅಜ್ಜನಿಗೆ ಎಂಬತ್ತು ದಾಟಿತ್ತು. ಬಿಸಿಲು, ಮಣ್ಣು ರಸ್ತೆ, ಬೇಡ ಅಂದರೂ ಕೇಳಲಿಲ್ಲ. "ನಮ್ಮೂರಿಗೆ ಹೋಗಕ್ಕೆ ನಿಮ್ಮ ಪರ್ಮಿಶನ್ ಬೇಕೇನಾ?" ಅಂತ ಕೋಲು ಹಿಡಿದು ಮುಂದಿನ ಸೀಟಿನಲ್ಲಿ ಕೂತರು.

ಹಿನ್ನೀರು ಬತ್ತಿದ ಜಾಗವನ್ನು ನೋಡದವರಿಗೆ ಅದನ್ನು ಹೇಳುವುದು ಕಷ್ಟ. ಮಲೆನಾಡು ಅಂದರೆ ಹಸಿರು ಅಲ್ವಾ, ಇಲ್ಲಿ ಹಸಿರೇ ಇಲ್ಲ. ಕಣ್ಣು ಹೋದಷ್ಟು ದೂರ ಬಿರಿದ ಕೆಸರು, ಕೆಂಪು ಬೋರೆಗಳು, ನಡುನಡುವೆ ಮರದ ಬೊಡ್ಡೆಗಳು. ಅರವತ್ತು ವರ್ಷದ ಹಿಂದೆ ಕಡಿದು ಬಿಟ್ಟ ಮರಗಳ ಬುಡಗಳು. ಪ್ರತಿ ವರ್ಷ ನೀರಲ್ಲಿ ಮುಳುಗಿ, ಎದ್ದು, ಕಪ್ಪಾಗಿ, ಬೇರು ಬಿಚ್ಚಿಕೊಂಡು ಇನ್ನೂ ನಿಂತೇ ಇವೆ. ಅದನ್ನು ದಾಟಿ ಮುಂದೆ ಹೋದರೆ ಕಲ್ಲಿನ ಗೋಡೆ. ಉದ್ದಕ್ಕೆ, ನೇರವಾಗಿ, ಈಗ ತಾನೇ ಕಟ್ಟಿ ಮುಗಿಸಿದರೇನೋ ಅನ್ನುವಷ್ಟು ಗಟ್ಟಿಯಾಗಿ. ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಅರೆದು ಮಾಡಿದ ಗಾರೆ. ಇಷ್ಟು ವರ್ಷ ನೀರಿನಡಿ ಇದ್ದರೂ ಕಲ್ಲಿಂದ ಕಲ್ಲು ಬಿಟ್ಟಿಲ್ಲ. ಬಂದವರೆಲ್ಲ ಕೈಯಿಂದ ತಟ್ಟಿ ನೋಡುತ್ತಿದ್ದರು. "ಆಗಿನ ಕೆಲಸ ಅಂದ್ರೆ ಇದು ನೋಡ್ರೀ" ಅಂತ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರು.

ಅವರು ಹೇಳಿದ್ದು ನಿಜ. ಅದರಲ್ಲೂ ಸೈಫನ್ ಗಳ ಮುಂದೆ ನಿಂತರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಈ ಅಣೆಕಟ್ಟಿನ ವಿಶೇಷವೇ ಅದು. ನೀರು ಹೆಚ್ಚಾದಾಗ ಬಿಡುವುದಕ್ಕೆ ನಾವು ಬೇರೆ ಕಡೆ ನೋಡುವಂಥ ಗೇಟುಗಳ ಸಾಲಲ್ಲ. ಗುಮ್ಮಟದಂಥ ತಲೆ ಇರುವ ದೊಡ್ಡ ದುಂಡು ಕಟ್ಟಡಗಳು. ಗುಮ್ಮಟದ ಒಳಗೆ ಆಲಿಕೆಯ ಹಾಗೆ ಅಗಲ ಬಾಯಿ, ಅದರಿಂದ ಕೆಳಗಿಳಿಯುವ ದಪ್ಪ ಕೊಳವೆ. ಆಲಿಕೆಯ ಒಳಮೈಗೆ ಓರೆಯಾಗಿ ಸುತ್ತು ಹಾಕಿದ ಏಣುಗಳು. ನೀರು ಒಂದು ಮಟ್ಟ ದಾಟಿ ಅಂಚಿನಿಂದ ಒಳಗೆ ಬೀಳಲು ಶುರುವಾದಾಗ ಆ ಏಣುಗಳು ಅದನ್ನು ಸುಳಿಯ ಹಾಗೆ ತಿರುಗಿಸುತ್ತವೆ. ಸುಳಿ ಒಳಗಿನ ಗಾಳಿಯನ್ನು ಎಳೆದುಕೊಂಡು ಕೆಳಗೆ ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ಪೂರ್ತಿ ತುಂಬಿ, ಹೊರಗಿನ ನೀರನ್ನು ಭರ್ರನೆ ಹೀರಲು ಶುರು. ಮಟ್ಟ ಇಳಿದಾಗ ಮತ್ತೆ ಗಾಳಿ ನುಗ್ಗಿ ತಾನಾಗೇ ನಿಲ್ಲುತ್ತದೆ. ಮನುಷ್ಯ ಬೇಡ, ಕರೆಂಟು ಬೇಡ, ಚಕ್ರ ತಿರುಗಿಸುವುದು ಬೇಡ. ನಡುರಾತ್ರಿ ಎಂಥ ಮಳೆ ಬಂದರೂ ಅದರ ಕೆಲಸ ಅದು ಮಾಡುತ್ತದೆ. ಈ ಬಗೆಯ ಸೈಫನ್ ರೂಪಿಸಿದವರು ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್. ಕುಣಿಗಲ್ ಹತ್ತಿರ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿಯಲ್ಲೂ ಇಂಥದ್ದೇ ಇದೆ. ಮಡೆನೂರಿನದನ್ನು ನೋಡುವಾಗ ನನಗಂತೂ ಮಾತೇ ಹೊರಡಲಿಲ್ಲ. ಇಷ್ಟು ಬುದ್ಧಿ, ಇಷ್ಟು ಶ್ರದ್ಧೆ ಸುರಿದು ಕಟ್ಟಿದ್ದಾರೆ.

ಅಜ್ಜ ಮಾತ್ರ ಸೈಫನ್ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೆ ಬೆನ್ನು ಹಾಕಿ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬೇರೆ ದಿಕ್ಕಿನಲ್ಲಿ ಏನೋ ಹುಡುಕುತ್ತಿದ್ದರು. "ಅಲ್ಲಿ ಎರಡು ಬೋರೆ ಕಾಣ್ತದಲ್ಲ ತಂಗಿ, ಅದರ ಮಧ್ಯ ಒಂದು ಹಳ್ಳ. ಹಳ್ಳದ ಆಚೆ ಮೊದಲು ನಮ್ಮನೆ ಇತ್ತಂತೆ. ನಂಗೆ ನೆನಪಿಲ್ಲ, ನಾನು ಅಮ್ಮನ ಸೊಂಟದ ಮೇಲಿದ್ದೆ. ಈ ಕಟ್ಟೆ ಕಟ್ಟೋವಾಗ ಅಲ್ಲಿಂದ ಎಬ್ಬಿಸಿದ್ರು. ಅಪ್ಪಯ್ಯ ಮೇಲೆ ಬಂದು ಮನೆ ಕಟ್ಟಿದ. ಅದು ಅಲ್ಲಿ." ಕೋಲು ಇನ್ನಷ್ಟು ಮೇಲಕ್ಕೆ ಹೋಯಿತು. "ಅದು ನಂಗೆ ಪೂರಾ ನೆನಪಿದೆ. ಅಲ್ಲಿಂದ ಎಬ್ಬಿಸಿದ್ದು ಲಿಂಗನಮಕ್ಕಿಗೆ. ಒಂದು ಕಟ್ಟೆಗೆ ಎದ್ದು ಬಂದೋರು, ಇನ್ನೊಂದು ಕಟ್ಟೆಗೆ ಮತ್ತೆ ಎದ್ವಿ."

ಅವತ್ತಿನಿಂದ ನನ್ನನ್ನು ಕೊರೆಯುತ್ತಿರುವುದು ಈ ಮಾತೇ.

ಬರೀ ಹದಿನಾರು ವರ್ಷ

ಇತಿಹಾಸ ಉದ್ದ ಇಲ್ಲ. ಜೋಗದ ನೀರಿಂದ ಕರೆಂಟು ಮಾಡಬೇಕು ಅಂತ ಮೈಸೂರು ಸಂಸ್ಥಾನ ಯೋಚನೆ ಹಾಕಿ, 1939ರಲ್ಲಿ ಕೆಲಸ ಶುರು ಮಾಡಿತು. ಕೃಷ್ಣರಾಜೇಂದ್ರ ಜಲವಿದ್ಯುತ್ ಯೋಜನೆ ಅಂತ ಹೆಸರು. ನಡುವೆ ಮಹಾಯುದ್ಧ ಬಂತು, ಹೊರದೇಶದ ಯಂತ್ರಗಳು ಬರುವುದು ತಡವಾಯಿತು. ಜೋಗದ ಕೆಳಗಿನ ಪವರ್ ಹೌಸಿನಲ್ಲಿ ಕರೆಂಟು ಹುಟ್ಟಿದ್ದು 1948ರಲ್ಲಿ. ಆಮೇಲೆ ಅದಕ್ಕೆ ಮಹಾತ್ಮ ಗಾಂಧಿ ಹೆಸರಿಟ್ಟರು. ಎಲ್ಲ ಘಟಕ ಸೇರಿ ಆಗ 120 ಮೆಗಾವ್ಯಾಟ್. ಅದಕ್ಕೆ ಬೇಸಿಗೆಯಲ್ಲೂ ನೀರು ಸಿಗಲಿ ಅಂತ ಮಳೆನೀರು ಹಿಡಿದಿಟ್ಟುಕೊಳ್ಳಲು ಕಟ್ಟಿದ್ದೇ ಮಡೆನೂರು.

ಅಂದಿನ ಕಾಲಕ್ಕೆ ಅದು ಬಹಳ ದೊಡ್ಡದು. ಸಂಸ್ಥಾನಕ್ಕೆ ಇನ್ನು ಸಾಕು ಅನ್ನುವಷ್ಟು ದೊಡ್ಡದು ಅಂತಲೇ ಜನ ನಂಬಿದ್ದರು ಅಂತ ಅಜ್ಜ ಹೇಳುತ್ತಾರೆ. ಸಾಕಾಗಲಿಲ್ಲ. ಕಾರ್ಖಾನೆಗಳು ಬೆಳೆದವು, ಬೆಂಗಳೂರು ಬೆಳೆಯಿತು. ಮಡೆನೂರಿಂದ ಕೆಳಗೆ, ಇನ್ನೂ ಎತ್ತರಕ್ಕೆ ನೀರು ನಿಲ್ಲುವ ಹಾಗೆ ಲಿಂಗನಮಕ್ಕಿ ಕಟ್ಟಿದರು. 1964ರಲ್ಲಿ ಅದು ಮುಗಿಯಿತು. 151 ಟಿಎಂಸಿ ನೀರು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಬಂದು ಶರಾವತಿ ವಿದ್ಯುದಾಗಾರ ಉದ್ಘಾಟನೆ ಮಾಡಿದರು. ಹತ್ತು ಘಟಕ ಸೇರಿ 1,035 ಮೆಗಾವ್ಯಾಟ್. ಒಂದು ಕಾಲಕ್ಕೆ ಇಡೀ ರಾಜ್ಯ ಇದೊಂದೇ ಹೊಳೆಯನ್ನು ನಂಬಿಕೊಂಡಿತ್ತು ಅಂದರೆ ತಪ್ಪಾಗಲಾರದು. ಹಳೇ ಅಣೆಕಟ್ಟನ್ನು ಒಡೆಯುವ ಗೋಜಿಗೂ ಹೋಗಲಿಲ್ಲ. ನೀರು ಏರಿತು, ಅದು ಮುಳುಗಿತು. ಅಷ್ಟೇ.

ಅಂದರೆ ಅಷ್ಟು ಚಂದದ ಸೈಫನ್ ಗಳು ಕೆಲಸ ಮಾಡಿದ್ದು ಹೆಚ್ಚುಕಮ್ಮಿ 16 ಮಳೆಗಾಲ. ಬೇಸಿಗೆಯಲ್ಲಿ ಹೋಗಿ ಫೋಟೋ ಹೊಡೆದುಕೊಂಡು ಬರುವ ನಾವು ಆ ಕಲ್ಲು ಎಷ್ಟು ವರ್ಷ ಬಾಳಿದೆ ಅಂತ ಲೆಕ್ಕ ಹಾಕುತ್ತೇವೆ. ಅದು ಎಷ್ಟು ವರ್ಷ ಕೆಲಸಕ್ಕೆ ಬಂತು ಅಂತ ಯಾರೂ ಕೇಳುವುದಿಲ್ಲ. ನನಗೆ ಎರಡನೇ ಲೆಕ್ಕವೇ ಮುಖ್ಯ ಅನಿಸುತ್ತದೆ. ಯಾಕಂದರೆ ಆ 16 ವರ್ಷಕ್ಕಾಗಿ ಅಜ್ಜನ ಅಪ್ಪ ತನ್ನ ಮನೆಯನ್ನು ಕೀಳಬೇಕಾಯಿತು. ಅದೂ ಸುಮ್ನೆ ಯಾವುದೋ ಬೀಳು ಜಾಗದಿಂದಲ್ಲ. ಹೊಳೆ ಪಕ್ಕದ ಗದ್ದೆ, ತೋಟ. ಮಲೆನಾಡಿನಲ್ಲಿ ಒಂದು ಅಡಕೆ ತೋಟ ಫಸಲಿಗೆ ಬಂದು ನಿಲ್ಲುವುದಕ್ಕೆ ಎಷ್ಟು ವರ್ಷ ಬೇಕು ಅಂತ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅವರು ಮೇಲೆ ಹೋಗಿ ನೆಟ್ಟ ಸಸಿ ಮರವಾಗಿ ಫಲ ಕೊಡಲು ಶುರು ಮಾಡಿದ ಹೊತ್ತಿಗೆ ಎರಡನೇ ನೋಟೀಸು ಬಂತು.

ಲಾರಿಯಲ್ಲಿ ಬಂದ ಊರುಗಳು

ಅಜ್ಜ ಈಗ ಇರುವುದು ಶಿವಮೊಗ್ಗ ತಾಲ್ಲೂಕಿನಲ್ಲಿ, ಆಯನೂರು ಕಡೆ. ಅಲ್ಲೆಲ್ಲ ಇಂಥ ಮುಳುಗಡೆ ಊರುಗಳು ಬೇಕಾದಷ್ಟಿವೆ. ಮಡೆನೂರಿಂದ ಬಂದ ಮೇಲೆ ಒಂದು ಸಂಜೆ ಅವರ ಮನೆ ಜಗಲಿಯಲ್ಲಿ ಕೂತಿದ್ದೆ. ಒಳಗಿಂದ ಅಮ್ಮ ಕಷಾಯ ಕೊಟ್ಟರು. ಅಜ್ಜ ಬಾಗಿಲ ಚೌಕಟ್ಟು ತೋರಿಸಿದರು. ಹಳೇ ಹಲಸಿನ ಮರದ್ದು, ಗೋಡೆಗಿಂತ ಅದೇ ದೊಡ್ಡದಾಗಿ ಕಾಣುತ್ತಿತ್ತು. ಎರಡನೇ ಸಲ ಎಬ್ಬಿಸಿದಾಗ ಲಾರಿಗೆ ಹಾಕಿಕೊಂಡು ಬಂದದ್ದಂತೆ. "ಹೆಂಚು ತಂದ್ವಿ, ಜಂತಿ ತಂದ್ವಿ, ಈ ಬಾಗ್ಲು ತಂದ್ವಿ. ದನ ಅರ್ಧ ಅಲ್ಲೇ ಬಿಟ್ವಿ. ಲಾರಿಗೆ ಹತ್ತಿಸಕ್ಕೆ ಆಗಲಿಲ್ಲ. ಇಲ್ಲಿ ತಂದು ಇಳಿಸಿದ್ರು, ಸುತ್ತ ಕಾಡು. ಇದೇ ನಿಮ್ಮ ಜಾಗ ಅಂದ್ರು. ಕಾಡು ಕಡ್ಕಂಡು ಗದ್ದೆ ಮಾಡ್ಕಳಿ ಅಂದ್ರು. ಮೊದಲ ಮಳೆಗಾಲ ಇಡೀ ಚಳಿಜ್ವರ."

ಪರಿಹಾರ ಸಿಗಲಿಲ್ವಾ ಅಂತ ಕೇಳಿದೆ. ಸಿಕ್ಕಿತು, ಆದರೆ ಭೂಮಿ ಯಾರ ಹೆಸರಿನಲ್ಲಿತ್ತೋ ಅವರಿಗೆ ಅಂದರು. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಒಡೆಯರ ಭೂಮಿಯನ್ನು ಗೇಣಿಗೆ ಉಳುತ್ತಿದ್ದ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸೇರಿಕೊಂಡರು. ಆದರೆ ಉಳುವವನಿಗೇ ಭೂಮಿ ಅನ್ನುವುದು ನಿಜವಾಗಿ ಕೈಗೆ ಹತ್ತಿದ್ದು 1974ರ ಭೂಸುಧಾರಣೆ ಕಾನೂನಿನ ಮೇಲೆ. ಲಿಂಗನಮಕ್ಕಿ ತುಂಬಿದ್ದು ಅದಕ್ಕೂ ಹತ್ತು ವರ್ಷ ಮೊದಲು. ಬೇರೆ ಕಡೆಯ ಗೇಣಿದಾರರು ಡಿಕ್ಲರೇಶನ್ ಹಾಕಿ ಭೂಮಿಯ ಒಡೆಯರಾದಾಗ, ಶರಾವತಿ ದಂಡೆಯ ಗೇಣಿದಾರನಿಗೆ ಅರ್ಜಿ ಹಾಕಲು ಭೂಮಿಯೇ ಮೇಲಿರಲಿಲ್ಲ. ಇದನ್ನು ಅಣೆಕಟ್ಟಿನ ಕತೆಯ ಜೊತೆ ಯಾರೂ ಸೇರಿಸಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಮುಳುಗಡೆಯಲ್ಲಿ ಆದ ಅತಿ ದೊಡ್ಡ ಅನ್ಯಾಯ ಇದೇ.

ಇಲ್ಲಿ ಬಂದು ಕಡಿದು ಹದ ಮಾಡಿಕೊಂಡ ಭೂಮಿಯಾದರೂ ಹೆಸರಿಗೆ ಬಂತಾ? ಅದೂ ಇಲ್ಲ. ಸರ್ಕಾರವೇ ಕಾಡಿನಲ್ಲಿ ಇಳಿಸಿತು. ಆದರೆ ದಾಖಲೆಯಲ್ಲಿ ಅದನ್ನು ಕಾಡಿನಿಂದ ಸರಿಯಾಗಿ ಬಿಡಿಸಿ ಕೊಡಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕಾಡಿನ ಒಂದು ಗುಂಟೆ ಬಿಡಿಸಬೇಕಾದರೂ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಆ ಒಪ್ಪಿಗೆ ಇಲ್ಲದೆ ಡಿನೋಟಿಫೈ ಮಾಡಿದ, ಅಂದರೆ ಕಾಡಿನ ಪಟ್ಟಿಯಿಂದ ಕೈಬಿಟ್ಟ, ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಅಜ್ಜನಂಥ ಮನೆಗಳಲ್ಲಿ ಹಕ್ಕುಪತ್ರ ಬಂತು ಅಂತ ಸಿಹಿ ಹಂಚಿದವರೂ ಇದ್ದರು. ಅವರು ಮತ್ತೆ ಅರಣ್ಯ ಒತ್ತುವರಿದಾರರಾದರು. ಪಹಣಿ ಇಲ್ಲ ಅಂದರೆ ಬ್ಯಾಂಕಿನಲ್ಲಿ ಬೆಳೆ ಸಾಲ ಇಲ್ಲ. ಬೋರು ಕೊರೆಸಿದರೆ ಕೇಸು, ಮನೆ ದೊಡ್ಡದು ಮಾಡಿದರೆ ನೋಟೀಸು. ಅಜ್ಜನ ಮಗನಿಗೆ ಈಗ ಐವತ್ತು ದಾಟಿದೆ. ಅವನ ಹತ್ತಿರ ಒಂದು ದಪ್ಪ ಫೈಲಿದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಹೋಗು ಅನ್ನುತ್ತಾರೆ, ಅವರು ಹಳೇ ಕಾಗದ ತಾ ಅನ್ನುತ್ತಾರೆ. ಹಳೇ ಕಾಗದ ಎಲ್ಲಿಂದ ತರಬೇಕು? ಆ ಊರೇ ಇಲ್ಲವಲ್ಲ.

ದಾಟಲಾಗದೆ ಉಳಿದವರು

ಎದ್ದು ಬಂದವರ ಕತೆ ಹೀಗಾದರೆ, ಹೋಗದೆ ಅಲ್ಲೇ ಉಳಿದವರ ಕತೆ ಇನ್ನೊಂದು. ತುಮರಿ, ಬ್ಯಾಕೋಡು, ಕರೂರು ಕಡೆಯವರ ಮೂರೂ ದಿಕ್ಕಿಗೆ ನೀರು ಬಂತು. ಸಾಗರಕ್ಕೆ ಬರಬೇಕಾದರೆ ಲಾಂಚೇ ಗತಿಯಾಗಿತ್ತು. ಸಿಗಂದೂರಿಗೆ ಹೋದ ಎಲ್ಲರೂ ಆ ಲಾಂಚಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡಿದ್ದಾರೆ, ನಾನೂ ತೆಗೆದುಕೊಂಡಿದ್ದೇನೆ. ನಮಗೆ ಅದು ಪ್ರವಾಸ. ಅವರಿಗೆ ಹೆರಿಗೆ ನೋವು ಬಂದ ರಾತ್ರಿ, ಕೊನೇ ಲಾಂಚ್ ಹೋದ ಮೇಲೆ. ಮಳೆ ಕಮ್ಮಿಯಾದ ವರ್ಷ ನೀರು ಇಳಿದು ಲಾಂಚ್ ದಡ ಮುಟ್ಟದೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಹಾಗಾಗಿ ಪೇಪರಿನ ಆ ಅಂಕಿ ಅವರ ಮನೆಯಲ್ಲಿ ಬಸ್ಸಿನ ಟೈಮ್ ಟೇಬಲ್ ಹಾಗಿತ್ತು.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್, ಕೇಬಲ್ ಮೇಲೆ ನಿಂತ ಸೇತುವೆ. ನಿಜಕ್ಕೂ ಸಂತೋಷದ ದಿನ. ಅದಕ್ಕಾಗಿ ಹೋರಾಡಿದ ಎಷ್ಟೋ ಜನ ಅದನ್ನು ನೋಡಲು ಉಳಿದಿಲ್ಲ. ಲಿಂಗನಮಕ್ಕಿ ತುಂಬಿ ಸೇತುವೆ ಬರುವುದಕ್ಕೆ ಅರವತ್ತು ವರ್ಷ. ಬೆಂಗಳೂರಿಗೆ ಇಲ್ಲಿಂದ ತಂತಿ ಎಳೆಯುವುದಕ್ಕೆ ಅಷ್ಟು ವರ್ಷ ಬೇಕಾಗಲಿಲ್ಲ. ಕೆಲಸ ಮಾಡಲು ಬರುತ್ತಿರಲಿಲ್ಲ ಅಂತಲ್ಲ, ಯಾರ ಕೆಲಸ ಮೊದಲು ಅನ್ನುವ ಪ್ರಶ್ನೆ.

ಈಗಿನ 2,000 ಮೆಗಾವ್ಯಾಟ್

ಇಷ್ಟೆಲ್ಲ ಹಳೇದು ಯಾಕೆ ಕೆದಕುತ್ತೀಯ ಅಂತ ಕೇಳುವವರಿದ್ದಾರೆ. ಹಳೇದು ಮುಗಿದಿಲ್ಲ, ಅದಕ್ಕೆ. 2019ರಲ್ಲಿ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಇಡೀ ಜಿಲ್ಲೆ ಬಂದ್ ಆಗಿದ್ದು ನೆನಪಿರಬಹುದು. ಆ ಮಾತು ತಣ್ಣಗಾಯಿತು. ಈಗ ಪಂಪ್ಡ್ ಸ್ಟೋರೇಜ್. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಕರೆಂಟು ಜಾಸ್ತಿ ಇರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಇರುವ ಹೊತ್ತಿನಲ್ಲಿ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. 2,000 ಮೆಗಾವ್ಯಾಟ್.

ಇದರ ಪರವಾಗಿ ಹೇಳುವವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಸೋಲಾರ್ ಕರೆಂಟು ಹಗಲು ಮಾತ್ರ ಸಿಗುತ್ತದೆ, ಅದನ್ನು ಎಲ್ಲಾದರೂ ಕೂಡಿಡಬೇಕು. ಜಲಾಶಯ ಎರಡೂ ಆಗಲೇ ಇವೆ, ಹೊಸ ಅಣೆಕಟ್ಟು ಬೇಡ. ಇದೆಲ್ಲ ನಿಜ. ಆದರೆ ನೀರು ಎತ್ತುವುದಕ್ಕೆ ಬೇಕಾಗುವ ಕರೆಂಟು ಅದರಿಂದ ಸಿಗುವ ಕರೆಂಟಿಗಿಂತ ಜಾಸ್ತಿ ಅನ್ನುವುದೂ ನಿಜ. ಸುರಂಗ ಕೊರೆಯಬೇಕು, ರಸ್ತೆ ಮಾಡಬೇಕು, ತಂತಿ ಎಳೆಯಬೇಕು. ಅದು ಸಿಂಗಳೀಕಗಳಿಗಾಗಿಯೇ ಅಭಯಾರಣ್ಯ ಅಂತ ಘೋಷಿಸಿದ ಕಣಿವೆ. ಮರದಿಂದ ಮರಕ್ಕೆ ಹೋಗುವ ಪ್ರಾಣಿಗೆ ಮೇಲಿನ ಕೊಂಬೆಗಳ ಸಾಲು ತುಂಡಾದರೆ ಅಲ್ಲಿಗೆ ಅದರ ದಾರಿ ಮುಗಿಯಿತು. ಜನರ ಮಾತಂತೂ ಮತ್ತೆ ಅದೇ. ಇದೊಂದು ಆದರೆ ಸಾಕು ಅಂತ ಈ ಹೊಳೆಯ ದಂಡೆಯವರಿಗೆ ಮೂರು ತಲೆಮಾರಿಂದ ಹೇಳುತ್ತಲೇ ಬಂದಿದ್ದಾರೆ. ಮಡೆನೂರು ಆಯಿತು, ಲಿಂಗನಮಕ್ಕಿ ಆಯಿತು, ಕೆಳಗೆ 240 ಮೆಗಾವ್ಯಾಟಿನ ಗೇರುಸೊಪ್ಪ ಆಯಿತು. ಸಾಕು ಅನ್ನುವ ದಿನ ಮಾತ್ರ ಬರಲೇ ಇಲ್ಲ.

ಹಾಗಾಗಿ ನನ್ನ ನಿಲುವು ನೇರವಾಗಿದೆ. ಶರಾವತಿಯಿಂದ ಇನ್ನೊಂದು ಮೆಗಾವ್ಯಾಟ್ ಕೇಳುವ ಮೊದಲು ಹಳೇ ಬಾಕಿ ತೀರಬೇಕು. ಮುಳುಗಡೆ ಊರುಗಳ ಸರ್ವೆ ಊರು ಊರಿಗೆ ಹೋಗಿ ಮುಗಿಸಲಿ. ಕೇಂದ್ರದ ಒಪ್ಪಿಗೆ ಬೇಕಿದ್ದರೆ, ಯೋಜನೆಗೆ ಒಪ್ಪಿಗೆ ತರಲು ಎಷ್ಟು ಓಡಾಡುತ್ತಾರೋ ಅಷ್ಟೇ ಓಡಾಡಿ ಇದಕ್ಕೂ ತರಲಿ. ಹಕ್ಕುಪತ್ರ ಕೊಡುವಾಗ ಹಳೇ ಊರಿನ ಕಾಗದ ಕೇಳುವುದನ್ನು ಬಿಡಲಿ. ಯಾರನ್ನು ಎಲ್ಲಿಂದ ಎಬ್ಬಿಸಿದ್ದು ಅಂತ ಸರ್ಕಾರದ ಪುಸ್ತಕದಲ್ಲೇ ಇರುತ್ತದೆ, ಎಬ್ಬಿಸಿದ್ದು ಅವರೇ ತಾನೆ. ಆ ಕಣಿವೆಯ ಕಾಡನ್ನು ಇನ್ನು ಮುಟ್ಟಲೇಬಾರದು ಅಂತ ನನಗೆ ಅನಿಸುತ್ತದೆ. ಈ ಮಾತನ್ನು ಒಪ್ಪದವರು ಇದ್ದಾರೆ, ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಹಕ್ಕುಪತ್ರದ ವಿಷಯದಲ್ಲಿ ಇಲ್ಲ ಅನ್ನುವವರನ್ನು ನಾನು ಇನ್ನೂ ನೋಡಿಲ್ಲ.

ಹೋದ ವಾರ ಅಜ್ಜನ ಮಗ ಫೋನ್ ಮಾಡಿದ್ದ. ಅವರ ಅರ್ಜಿ ಈಗ ಜಂಟಿ ಸರ್ವೆಗೆ ಕಾಯುತ್ತಿದೆಯಂತೆ. ಕಂದಾಯದವರು, ಅರಣ್ಯದವರು ಒಟ್ಟಿಗೆ ಬಂದು ಅಳೆಯಬೇಕು. ಮಳೆ ಬಿಟ್ಟ ಮೇಲೆ ಬರುತ್ತೇವೆ ಅಂದಿದ್ದಾರಂತೆ. ಮುಳುಗಡೆ ಸಂತ್ರಸ್ತರ ಇಂಥ ಫೈಲು ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಪ್ರತಿ ಹಾಳೆಯ ನಕಲು ಮಾಡಿಸಿ ಇಟ್ಟುಕೊಳ್ಳಿ, ಮನೆಯ ಹಿರಿಯರಿಗೆ ನೆನಪಿರುವಷ್ಟು ಊರ ಹೆಸರು, ಗದ್ದೆಯ ಹೆಸರು, ಎದ್ದು ಬಂದ ವರ್ಷ ಎಲ್ಲವನ್ನೂ ಕೂಡಲೇ ಬರೆಸಿಕೊಳ್ಳಿ. ಅಜ್ಜ ಹೇಳಿದ್ದನ್ನು ನಾವು ಬರೆದುಕೊಳ್ಳಲು ಶುರು ಮಾಡಿದ್ದೇವೆ.